ಬಾವಿ ಹೂಳು ತೆಗೆಸುವಾಗ ಆಮೆ ಸಿಕ್ಕಿದೆ, ವಾಪಸ್ ಬಿಡಬೇಕಾ ಬೇಡವಾ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಮಳೆ ಹಿಡಿಯುವ ಮೊದಲು ಬಾವಿ ಹೂಳು ತೆಗೆಸಿಬಿಡೋಣ ಅಂತ ಮೊನ್ನೆ ಕೆಲಸ ಶುರು ಮಾಡಿದೆವು. ಪಂಪು ಹಾಕಿ ನೀರು ಖಾಲಿ ಮಾಡಿದ ಮೇಲೆ ಕೆಳಗೆ ಇಳಿದವನು ಕೂಗಿದ, "ಅಣ್ಣಾ, ಇಲ್ಲೊಂದು ಇದೆ, ಜೀವ ಇದೆ!" ಬುಟ್ಟಿಯಲ್ಲಿ ಕೆಸರಿನ ಜೊತೆ ಮೇಲೆ ಬಂತು ಒಂದು ಆಮೆ. ಒಂದು ಗೇಣು ಉದ್ದ. ಕಪ್ಪು ಚಿಪ್ಪು, ಬೆನ್ನ ಮೇಲೆ ಉದ್ದಕ್ಕೆ ಮೂರು ಏಣು. ತಲೆಯ ಪಕ್ಕ ಮಾಸಲು ಹಳದಿ ಗೀರು.

ನನಗೆ ಬಾವಿಯಲ್ಲಿ ಆಮೆ ಇದೆ ಅಂತಲೇ ನೆನಪಿರಲಿಲ್ಲ. ಅಜ್ಜಿ ಮಾತ್ರ "ಓ, ಇನ್ನೂ ಇದೆಯಾ" ಅಂದರು. ಅಪ್ಪನ ಮದುವೆ ಆದ ಮಳೆಗಾಲ ಗದ್ದೆಯಲ್ಲಿ ಸಿಕ್ಕಿದ್ದನ್ನು ಅಜ್ಜ ತಂದು ಬಿಟ್ಟಿದ್ದಂತೆ. ಅಂದರೆ ಮೂವತ್ತು ವರ್ಷದ ಮೇಲಾಯಿತು.

ಈಗ ಕೊಟ್ಟಿಗೆ ಪಕ್ಕದ ಕಲ್ಲಿನ ಬಾನಿಯಲ್ಲಿ ಎರಡು ಇಂಚು ನೀರು ಹಾಕಿ ಇಟ್ಟಿದ್ದೇನೆ. ಅಜ್ಜಿ ಹೇಳುವುದು ಬಾವಿಗೇ ಬಿಡು, ಆಮೆ ಇಲ್ಲದಿದ್ದರೆ ನೀರು ಕೆಡುತ್ತದೆ ಅಂತ. ನನ್ನ ಹೆಂಡತಿ ಹೇಳುವುದು ಅದೇ ನೀರು ಮಗು ಕುಡಿಯುತ್ತದೆ, ಬೇಡ ಅಂತ. ಮಧ್ಯೆ ನಾನು. ತಿಳಿದವರು ಹೇಳಿ.

ಹಳೇಬಾವಿ
ವಾಪಸ್ ಬಿಡಿ. ಇದರಲ್ಲಿ ಕೇಳೋದೇನಿದೆ? ನಮ್ಮೂರಲ್ಲಿ ಆಮೆ ಇಲ್ಲದ ಬಾವಿಯೇ ಇರಲಿಲ್ಲ. ಬಿದ್ದ ಎಲೆ, ಹುಳ, ಸೊಳ್ಳೆ ಮರಿ ಎಲ್ಲ ತಿಂದುಕೊಂಡು ನೀರು ತಿಳಿ ಇಡುತ್ತದೆ. ದೊಡ್ಡವರು ಸುಮ್ನೆ ಮಾಡಿರಲಿಲ್ಲ.

ಬಾಡಿಗೆಮನೆ_ಬೆಂಗಳೂರು
ಫೋಟೋ ಹಾಕಿ ಸರ್, ಫೋಟೋ ಇಲ್ಲದೆ ಚರ್ಚೆ ಇಲ್ಲ 😀

ದನದ_ಡಾಕ್ಟ್ರು
ಮೂರು ಏಣು, ಕಪ್ಪು ಚಿಪ್ಪು ಅಂದಮೇಲೆ ಅದು ನಮ್ಮ ಕರಿ ಆಮೆ. ವೈಜ್ಞಾನಿಕ ಹೆಸರು ಮೆಲನೋಕೆಲಿಸ್ ಟ್ರೈಜುಗ. ಆ 'ಟ್ರೈಜುಗ'ದಲ್ಲೇ ಮೂರು ಏಣಿನ ಮಾತು ಇದೆ. ಮಲೆನಾಡು, ಕರಾವಳಿಯ ಕೆರೆ, ಗದ್ದೆ, ಹಳ್ಳಗಳಲ್ಲಿ ಸಿಗುವ ಆಮೆ. ಹಗಲು ಬಿಸಿಲು ಕಾಯಿಸಿಕೊಳ್ಳುತ್ತದೆ, ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಸೊಪ್ಪು, ಪಾಚಿ, ಬಿದ್ದ ಹಣ್ಣು, ಹುಳ, ಸತ್ತ ಮೀನು, ಸಿಕ್ಕಿದ್ದು ತಿನ್ನುತ್ತದೆ. ಹೆದರಿದರೆ ಕೆಟ್ಟ ವಾಸನೆ ಬಿಡುತ್ತದೆ. ಬಿಟ್ಟಿತಾ?

ತೋಟದಮನೆ
ಬಿಟ್ಟಿತು ಡಾಕ್ಟ್ರೇ! ಬುಟ್ಟಿಯಿಂದ ಎತ್ತಿದ ಕೂಡಲೇ. ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ವಾಸನೆ ಬರುತ್ತಿತ್ತು.

ದನದ_ಡಾಕ್ಟ್ರು
ಸರಿ, ಹಾಗಾದರೆ ಅದೇ. ಈಗ ಹಳೇಬಾವಿ ಅವರ ಮಾತಿಗೆ ಬರೋಣ. ಆಮೆ ಸೊಳ್ಳೆ ಮರಿ ತಿನ್ನುವುದಿಲ್ಲ ಅಂತ ನಾನು ಹೇಳಲ್ಲ. ಆದರೆ ತಿಂದದ್ದು ಎಲ್ಲಿಗೆ ಹೋಗುತ್ತದೆ? ಅದೇ ನೀರಿಗೆ ತಾನೇ. ಆಮೆಗಳ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲಿ. ಆಮೆಗೆ ಏನೂ ಆಗುವುದಿಲ್ಲ, ಮಕ್ಕಳಿಗೆ ವಾಂತಿ ಭೇದಿ ಆಗಬಹುದು. ನಿಮ್ಮ ಮನೆಯವರು ಹೇಳಿದ್ದು ಸರಿ. ಕುಡಿಯುವ ನೀರು ಕುದಿಸಿ, ಆಮೆ ಮುಟ್ಟಿದ ಮೇಲೆ ಕೈ ತೊಳೆಯಿರಿ.

ಇನ್ನೊಂದು ಮಾತು. ಕರಿ ಆಮೆಗೆ ಬಿಸಿಲು ಬೇಕು. ಚಿಪ್ಪು ಅಂದರೆ ಮೂಳೆ. ನಮ್ಮ ಹಾಗೇ ಅದಕ್ಕೂ ವಿಟಮಿನ್ ಡಿ ಬೇಕು, ಕ್ಯಾಲ್ಸಿಯಂ ಬೇಕು. ಆಳದ ಬಾವಿಯ ಗೋಡೆ ನೇರ, ಹತ್ತಿ ಕೂರಲು ಒಂದು ಕಲ್ಲೂ ಇರುವುದಿಲ್ಲ. ಮೂವತ್ತು ವರ್ಷ ಬದುಕಿದೆ ಅಂದರೆ ಅದರ ಗಟ್ಟಿತನ. ಬಾವಿ ಒಳ್ಳೆ ಮನೆ ಅಂತ ಅರ್ಥ ಅಲ್ಲ.

ಹಳೇಬಾವಿ
ಡಾಕ್ಟ್ರೇ, ನಮ್ಮಜ್ಜ ಆಮೆ ಇದ್ದ ಬಾವಿ ನೀರು ಕುಡಿದೇ ತೊಂಬತ್ತು ದಾಟಿದರು. ಕುದಿಸಿರಲಿಲ್ಲ.

ಗದ್ದೆಬದು
ನಿಮ್ಮಜ್ಜ ಬದುಕಿದರು ಸರಿ. ಆಗ ಭೇದಿ ಆಗಿ ಹೋದ ಮಕ್ಕಳ ಲೆಕ್ಕ ಯಾರು ಇಟ್ಟಿದ್ದಾರೆ?

ಹಳೇಬಾವಿ
ಅದು ಆಮೆಯಿಂದಲೇ ಅಂತ ನಿಮಗೆ ಹೇಗೆ ಗೊತ್ತು?

ಗದ್ದೆಬದು
ಆಮೆಯಿಂದಲ್ಲ ಅಂತ ನಿಮಗೆ ಹೇಗೆ ಗೊತ್ತು?

ಕುಡ್ಲದ_ಕೋಡಿ
ಮಾರಾಯ್ರೆ ಜಗಳ ಬೇಡ. ನಮ್ಮಲ್ಲಿಯೂ ಬಾವಿಗೆ ಬಿಡ್ತಿದ್ದರು, ತುಳುವಿನಲ್ಲಿ ಏಮೆ ಅಂತೇವೆ. ಚಿಕ್ಕವರಿದ್ದಾಗ ಕೊಡಪಾನ ಇಳಿಸುವಾಗ ಅದು ಮೇಲೆ ಬಂದು ಮೂಗು ಮಾತ್ರ ಹೊರಗಿಟ್ಟು ನೋಡ್ತಿತ್ತು. ಅದಕ್ಕೆ ಏನು ಕಾಣ್ತದೋ, ಒಂದು ರುಪಾಯಿಯಷ್ಟು ಆಕಾಶ. ಈಗ ಬಾವಿಗೆ ಬಲೆ ಹಾಕಿ ಮೋಟರು ಇಟ್ಟಾಗಿದೆ, ಒಳಗೆ ಏನಿದೆ ಅಂತ ಬಗ್ಗಿ ನೋಡುವವರೂ ಇಲ್ಲ.

ಕೊಪ್ಪಳದಾಂವ
ನಮ್ಮ ಕಡೆ ಆಮೆ ಬೇರೆ ಜಾತಿ ರೀ. ಚಿಪ್ಪು ಮೆತ್ತಗೆ, ಮೂಗು ಸಣ್ಣ ಕೊಳವೆ ಇದ್ದಂಗ. ಹೋದ ಬ್ಯಾಸಗಿ ನಮ್ಮೂರ ಕೆರಿ ಪೂರ್ತಿ ಒಣಗಿತ್ತು. ಜೆಸಿಬಿ ತಂದು ಹೂಳು ಎತ್ತಿಸಿದರು. ಒಣಗಿ ಬಿರುಕು ಬಿಟ್ಟ ಮಣ್ಣಿನೊಳಗ ಆಮೆ! ಒಂದಲ್ಲ, ನಾನು ನಿಂತಲ್ಲೇ ಐದು ಎಣಿಸಿದೆ. ಸತ್ತಾವೇನೋ ಅಂದುಕೊಂಡೆ. ಒಂದಕ್ಕ ನೀರು ಹಾಕಿದೆ, ಸ್ವಲ್ಪ ಹೊತ್ತಿಗೆ ಮೂಗು ಹೊರಗ ಬಂತು. ಡ್ರೈವರಣ್ಣ ಒಳ್ಳೆ ಮನುಷ್ಯ, ಗಾಡಿ ನಿಲ್ಲಿಸಿದ. ಎಲ್ಲವನ್ನೂ ಪಕ್ಕದ ಕಾಲುವೆ ಕಡೆ ಒಯ್ದು ಬಿಟ್ಟೆವು. ಬಕೆಟ್ಟು ತಾಗಿ ಎರಡು ಒಡೆದು ಹೋಗಿದ್ದವು, ಅದು ಬ್ಯಾರೆ ಮಾತು.

ದನದ_ಡಾಕ್ಟ್ರು
@ಕೊಪ್ಪಳದಾಂವ ಅದು ಫ್ಲಾಪ್‌ಶೆಲ್ ಇರಬೇಕು, ಲಿಸ್ಸೆಮಿಸ್ ಪಂಕ್ಟಾಟ. ತಿರುವಿ ನೋಡಿದ್ದರೆ ಹಿಂಗಾಲಿನ ಹತ್ತಿರ ಎರಡು ಚರ್ಮದ ಮುಚ್ಚಳ ಕಾಣುತ್ತಿತ್ತು. ಕಾಲು ಒಳಗೆಳೆದುಕೊಂಡು ಬಾಗಿಲು ಹಾಕಿದ ಹಾಗೆ ಮುಚ್ಚಿಕೊಳ್ಳುತ್ತದೆ. ಕೆರೆ ಬತ್ತಿದರೆ ಮಣ್ಣಲ್ಲಿ ಹೂತುಕೊಂಡು ಮಳೆಗೆ ಕಾಯುತ್ತದೆ, ಇಲ್ಲವೇ ನೀರು ಹುಡುಕಿಕೊಂಡು ನಡೆದೇ ಹೋಗುತ್ತದೆ. ಮೊದಲ ಮಳೆಗೆ ರಸ್ತೆ ಮೇಲೆ ಸಿಗುವುದು ಅದಕ್ಕೇ. ಒಣ ಕೆರೆ ಹೂಳೆತ್ತಿಸುವವರು ಇದನ್ನು ತಿಳಿದಿರಬೇಕು. ಅಂದಹಾಗೆ, ಈ ಜಾತಿಯ ಕಾಲಿಗೆ ಮೂರೇ ಉಗುರು. ನಾಲ್ಕು ಕಾಲಿಗೆ ಹನ್ನೆರಡು.

ಬಾಡಿಗೆಮನೆ_ಬೆಂಗಳೂರು
ಉಗುರಿನ ಮಾತು ಬಂತಲ್ಲ! ಇಪ್ಪತ್ತು ಉಗುರಿನ ಆಮೆ ಇದ್ದರೆ ಕೋಟಿ ಕೊಡುತ್ತಾರೆ ಅಂತ ನಮ್ಮ ಆಫೀಸಿನ ಒಬ್ಬರಿಗೆ ಫೋನ್ ಬಂದಿತ್ತು. ನಿಜವಾ ಅದು?

ದನದ_ಡಾಕ್ಟ್ರು
ಅಪ್ಪಟ ಮೋಸ. ಕರಿ ಆಮೆಗೆ ಸಾಮಾನ್ಯವಾಗಿ ಮುಂದಿನ ಕಾಲಿಗೆ ಐದೈದು, ಹಿಂದೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟು. ನಕ್ಷತ್ರ ಆಮೆಗೂ ಅಷ್ಟೇ. ಫ್ಲಾಪ್‌ಶೆಲ್‌ಗೆ ಹನ್ನೆರಡು ಅಂತ ಆಗಲೇ ಹೇಳಿದೆ. ಇಪ್ಪತ್ತು ಸುಲಭಕ್ಕೆ ಸಿಗಲ್ಲ ಅನ್ನುವುದೇ ಅವರ ಬಂಡವಾಳ. ಮೊದಲು ಅಡ್ವಾನ್ಸ್ ಕೇಳುತ್ತಾರೆ, ಆಮೇಲೆ ಫೋನ್ ಸ್ವಿಚ್ ಆಫ್. ಈ ಹುಚ್ಚಿಗೆ ಸಾಯುವುದು ಮಾತ್ರ ಕೆರೆ ಆಮೆಗಳು.

ತೋಟದಮನೆ
ಎಣಿಸಿದೆ. ಹದಿನೇಳು. ಹಿಂಗಾಲಲ್ಲಿ ಒಂದು ಮುರಿದಿದೆ. ಕೋಟಿ ಹೋಯಿತು 😀

ವಕೀಲರ_ಜಗುಲಿ
ತಮಾಷೆ ಸಾಕು, ಕಾನೂನು ಕೇಳಿ. ಕೊಪ್ಪಳದವರು ಹೇಳಿದ ಫ್ಲಾಪ್‌ಶೆಲ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ. ಹುಲಿ ಇರುವ ಪಟ್ಟಿಯೇ ಅದು. ಆ ಪಟ್ಟಿಯ ಪ್ರಾಣಿಯನ್ನು ಹಿಡಿದರೆ, ಮಾರಿದರೆ 3ರಿಂದ 7 ವರ್ಷ ಜೈಲು. 2022ರ ತಿದ್ದುಪಡಿ ಆದಮೇಲೆ ದಂಡ ಕನಿಷ್ಠ 25,000 ರೂಪಾಯಿ. "ನಾನು ಪ್ರೀತಿಯಿಂದ ಸಾಕಿದ್ದೆ" ಅನ್ನುವ ವಾದ ನಡೆಯುವುದಿಲ್ಲ. ಕರಿ ಆಮೆಯನ್ನೂ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ನಿಮ್ಮ ವಲಯ ಅರಣ್ಯ ಕಚೇರಿಗೆ ಹೇಳಿ, ಇಲ್ಲವೇ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ತೋಟದಮನೆ
ಅಯ್ಯೋ ವಕೀಲರೇ, ಅಜ್ಜನ ಮೇಲೆ ಕೇಸ್ ಹಾಕಿಸುವ ಹಾಗಿದ್ದೀರಿ. ಅವರು ಹೋಗಿ ಹನ್ನೆರಡು ವರ್ಷ ಆಯಿತು.

ವಕೀಲರ_ಜಗುಲಿ
ಅಜ್ಜನಿಗೆ ಜಾಮೀನು ಸಿಕ್ಕಿದೆ ಅಂದುಕೊಳ್ಳಿ. ನೀವು ಫೋನ್ ಮಾಡಿ.

ಸುಮ್ನೆ_ಓದುಗ
ನಮ್ಮ ಪಕ್ಕದ ಮನೆಯ ತಮಿಳು ಆಂಟಿ ಆಮೆ ಮನೆಗೆ ಬಂದರೆ ಮನೆ ಹಾಳು ಅನ್ನುತ್ತಾರೆ. ಅದೇ ಆಂಟಿ ಮನೆಯ ಶೋಕೇಸಿನಲ್ಲಿ ಹಿತ್ತಾಳೆ ಆಮೆ, ಉತ್ತರ ದಿಕ್ಕಿಗೆ ಮುಖ. ಬೆರಳಲ್ಲಿ ಆಮೆ ಉಂಗುರ. ಲೋಹದ್ದಾದರೆ ಲಕ್ಷ್ಮಿ, ಜೀವ ಇದ್ದರೆ ಶನಿ.

ಹಳೇಬಾವಿ
ಕೂರ್ಮಾವತಾರ ಅಂತ ಕೈ ಮುಗಿಯುವವರೂ ನಾವೇ.

ಟೆಕ್ಸಾಸ್_ಕನ್ನಡಿಗ
ಇಲ್ಲಿ ನಮ್ಮ ಅಪಾರ್ಟ್‌ಮೆಂಟ್ ಪಕ್ಕದ ಕೆರೆಯಲ್ಲಿ ಕೆಂಪು ಕಿವಿಯ ಆಮೆಗಳು ಮರದ ಕೊರಡಿನ ಮೇಲೆ ಸಾಲಾಗಿ ಕೂತಿರುತ್ತವೆ, ಒಂದರ ಮೇಲೊಂದು. ರೆಡ್ ಇಯರ್ಡ್ ಸ್ಲೈಡರ್. ಬೆಳಿಗ್ಗೆ ವಾಕಿಂಗ್ ಹೋದರೆ ನೂರಡಿ ದೂರದಲ್ಲೇ ಕಾಲ ಸಪ್ಪಳಕ್ಕೆ ಪಟಪಟ ಅಂತ ನೀರಿಗೆ ಬೀಳುತ್ತವೆ. ಡಾಕ್ಟ್ರು ಸಾಲ್ಮೊನೆಲ್ಲಾ ಅಂದರಲ್ಲ, ಅದೇ ಕಾರಣಕ್ಕೆ ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದರು. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ.

ಬಾಡಿಗೆಮನೆ_ಬೆಂಗಳೂರು
ಸರ್, ನಿಮ್ಮ ಆ ಆಮೆ ನನ್ನ ಬಾತ್‌ರೂಮಲ್ಲಿದೆ. ಮಗಳ ಹುಟ್ಟುಹಬ್ಬಕ್ಕೆ ಅಂಗಡಿಯಲ್ಲಿ ತಂದಿದ್ದು. ಬಿಸ್ಕೆಟ್‌ನಷ್ಟು ಇತ್ತು, "ಇಷ್ಟೇ ಇರುತ್ತದೆ ಸಾರ್, ದೊಡ್ಡದಾಗಲ್ಲ" ಅಂದರು. ಈಗ ಊಟದ ತಟ್ಟೆಯಷ್ಟು ಆಗಿದೆ. ಟಬ್ಬಿನ ನೀರು ದಿನಾ ಬದಲಿಸಬೇಕು, ಇಲ್ಲದಿದ್ದರೆ ವಾಸನೆ. ಮಗಳಿಗೆ ಈಗ ಅದರ ನೆನಪೇ ಇಲ್ಲ. ಹತ್ತಿರದ ಕೆರೆಗೆ ಬಿಟ್ಟುಬಿಡೋಣ ಅಂದುಕೊಂಡಿದ್ದೆ.

ಗದ್ದೆಬದು
ದಯವಿಟ್ಟು ಬಿಡಬೇಡಿ!! ಎಲ್ಲರೂ ಹಾಗೇ ಬಿಟ್ಟು ಬಿಟ್ಟು ಈಗ ಬೆಂಗಳೂರಿನ ಕೆರೆಗಳಲ್ಲಿ ಅವೇ ಕಾಣುತ್ತಿವೆ. ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಜಾಗ ಎರಡನ್ನೂ ಅವು ಕಸಿದುಕೊಳ್ಳುತ್ತವೆ. ರೋಗವೂ ಜೊತೆಗೆ ಬರುತ್ತದೆ.

ಬಾಡಿಗೆಮನೆ_ಬೆಂಗಳೂರು
ಮತ್ತೆ ಏನು ಮಾಡಲಿ? ಇಪ್ಪತ್ತು ವರ್ಷ ಬಾತ್‌ರೂಮಲ್ಲಿ ಇಟ್ಟುಕೊಳ್ಳಲಾ? ಓನರ್ ಬೇರೆ ಬಾಡಿಗೆ ಜಾಸ್ತಿ ಮಾಡುತ್ತಿದ್ದಾರೆ.

ದನದ_ಡಾಕ್ಟ್ರು
ಇಪ್ಪತ್ತಕ್ಕಿಂತ ಜಾಸ್ತಿಯೂ ಬದುಕಬಹುದು, ಸಿದ್ಧರಾಗಿರಿ 😀 ಪ್ರಾಣಿ ರಕ್ಷಣೆ ಮಾಡುವವರನ್ನು ಕೇಳಿ. ಅಲ್ಲಿಯವರೆಗೆ ಒಂದು ಕಲ್ಲು ಇಟ್ಟು, ಬಾಲ್ಕನಿಯ ನೇರ ಬಿಸಿಲು ಬೀಳುವಂತೆ ಮಾಡಿ. ಪಕ್ಕದಲ್ಲಿ ನೆರಳೂ ಇರಲಿ. ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ.

@ತೋಟದಮನೆ ನಿಮ್ಮ ಆಮೆಯನ್ನು ಒಂದು ಸಲ ತಿರುವಿ ನೋಡಿ. ಹೊಟ್ಟೆಯ ಕಡೆ ಚಿಪ್ಪು ಒಳಕ್ಕೆ ತಗ್ಗಾಗಿದೆಯಾ, ಸಮ ಇದೆಯಾ? ಬಾಲ ದಪ್ಪ ಉದ್ದವಾ, ಚೋಟುದ್ದವಾ? ಬೇಗ ನೋಡಿ ನೇರ ಮಾಡಿಬಿಡಿ, ಅಂಗಾತ ಬಹಳ ಹೊತ್ತು ಇಡಬೇಡಿ.

ತೋಟದಮನೆ
ಸಮ ಇದೆ. ಬಾಲ ಚಿಕ್ಕದು. ಹೊಟ್ಟೆಯ ಚಿಪ್ಪು ಕಪ್ಪು, ಅಂಚಿಗೆ ಮಾತ್ರ ಹಳದಿ. ಇನ್ನೊಂದು ಪ್ರಶ್ನೆ, ಚಿಪ್ಪಿನ ಒಂದೊಂದು ಬಿಲ್ಲೆಯ ಮೇಲೂ ಉಂಗುರ ಉಂಗುರ ಗೆರೆ ಇದೆ. ಮರದ ಹಾಗೆ ಎಣಿಸಿದರೆ ವಯಸ್ಸು ಗೊತ್ತಾಗುತ್ತದಾ?

ಸುಮ್ನೆ_ಓದುಗ
ಹೌದು, ಒಂದು ಉಂಗುರ ಒಂದು ವರ್ಷ.

ದನದ_ಡಾಕ್ಟ್ರು
ಇಲ್ಲ. ಮರಿಯಾಗಿದ್ದಾಗ ಸ್ವಲ್ಪ ಅಂದಾಜು ಸಿಗಬಹುದು. ಒಳ್ಳೆ ಮೇವು ಸಿಕ್ಕ ವರ್ಷ ಎರಡು ಗೆರೆಯೂ ಬೀಳಬಹುದು, ವಯಸ್ಸಾದ ಮೇಲೆ ಸವೆದು ನುಣುಪಾಗುತ್ತದೆ. ನಿಮ್ಮಪ್ಪನ ಲಗ್ನಪತ್ರಿಕೆಯೇ ಅದಕ್ಕಿಂತ ನಂಬಬಹುದಾದ ದಾಖಲೆ.

ಹೊಟ್ಟೆ ಸಮ, ಬಾಲ ಚಿಕ್ಕದು ಅಂದರೆ ಹೆಣ್ಣು. ಗಂಡಿಗೆ ಹೊಟ್ಟೆಯ ಚಿಪ್ಪು ತಗ್ಗಾಗಿರುತ್ತದೆ, ಹೆಣ್ಣಿನ ಬೆನ್ನ ಮೇಲೆ ಜಾರದೆ ನಿಲ್ಲುವುದಕ್ಕೆ.

ಕುಡ್ಲದ_ಕೋಡಿ
ಹೆಣ್ಣಾದರೆ ಬಾವಿಯಲ್ಲಿ ಮೊಟ್ಟೆ ಎಲ್ಲಿ ಇಡ್ತದೆ?

ದನದ_ಡಾಕ್ಟ್ರು
ಅದೇ ತೊಂದರೆ. ನೀರಿನ ಆಮೆ ಆದರೂ ಮೊಟ್ಟೆ ಇಡುವುದು ನೆಲದಲ್ಲಿ. ದಂಡೆಗೆ ಬಂದು ಹಿಂಗಾಲಿನಲ್ಲಿ ಗುಂಡಿ ತೋಡಿ, ಇಟ್ಟು, ಮಣ್ಣು ಮುಚ್ಚಿ ಹೋಗುತ್ತದೆ. ತಿರುಗಿ ನೋಡುವುದಿಲ್ಲ. ಮಣ್ಣಿನ ಬಿಸಿಗೇ ಮರಿ ಆಗಬೇಕು. ಕರಿ ಆಮೆಯ ಮೊಟ್ಟೆ ಉದ್ದುದ್ದ ಇರುತ್ತದೆ, ಗಟ್ಟಿ ತೊಗಟೆ. ಗಂಡು ಇಲ್ಲದಿದ್ದರೂ ಹೆಣ್ಣು ಆಮೆ ಮೊಟ್ಟೆ ಇಡಬಹುದು, ನಾಟಿ ಕೋಳಿ ಹುಂಜ ಇಲ್ಲದೆ ಇಟ್ಟ ಹಾಗೆ. ದಡ ಇಲ್ಲದಿದ್ದರೆ ಕೊನೆಗೆ ನೀರಿಗೇ ಬಿಡುತ್ತದೆ, ಅದು ತಳಕ್ಕೆ ಹೋಗುತ್ತದೆ. ಕೆಲವು ಸಲ ಮೊಟ್ಟೆ ಒಳಗೇ ಸಿಕ್ಕಿಕೊಂಡು ಸಾಯುವುದೂ ಇದೆ.

ತೋಟದಮನೆ
ಡಾಕ್ಟ್ರೇ, ಈಗ ಹೊಳೆಯಿತು. ಬಾವಿಯಿಂದ ಎತ್ತಿದ ಕೆಸರನ್ನು ಬಾಳೆ ಬುಡಕ್ಕೆ ಹಾಕಿಸಿದ್ದೆ. ನಿಮ್ಮ ಉತ್ತರ ಓದಿದ ಮೇಲೆ ಹೋಗಿ ಕೋಲಿನಿಂದ ಕೆದಕಿದೆ. ಒಣಗಿದ ಕೆಸರಲ್ಲಿ ಬಿಳಿ ಚೂರುಗಳಿವೆ. ಮೊದಲು ಸುಣ್ಣದ ಗಾರೆ ಉದುರಿದ್ದು ಅಂದುಕೊಂಡಿದ್ದೆ. ಒಂದು ಅರ್ಧ ಪೂರ್ತಿ ಸಿಕ್ಕಿತು, ಹೆಬ್ಬೆರಳು ತೂರುವಷ್ಟು, ಒಳಗೆ ಕೆಸರು ತುಂಬಿಕೊಂಡಿತ್ತು. ಬೆರಳಲ್ಲಿ ಒತ್ತಿದರೆ ಪಿಂಗಾಣಿ ಹಾಗೆ ಪಟ್ ಅಂತ ಒಡೆಯಿತು.

ಕುಡ್ಲದ_ಕೋಡಿ
😔

ಗದ್ದೆಬದು
ಇನ್ನೂ ಬಾವಿಗೆ ಬಿಡಿ ಅನ್ನುವವರು ಇದ್ದೀರಾ? @ಹಳೇಬಾವಿ

ಹಳೇಬಾವಿ
ನನ್ನನ್ನೇ ಯಾಕೆ ಹಿಡಿದುಕೊಂಡಿದ್ದೀರಿ. ಮೊಟ್ಟೆ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಕೆರೆಗೆ ಬಿಟ್ಟರೆ ಬದುಕುತ್ತದಾ? ಮೂವತ್ತು ವರ್ಷ ನಾಯಿ ಕಂಡಿಲ್ಲ, ನರಿ ಕಂಡಿಲ್ಲ, ಬಲೆ ಕಂಡಿಲ್ಲ. ಹಿಡಿದು ಸಾರು ಮಾಡುವವರೂ ಇದ್ದಾರೆ.

ದನದ_ಡಾಕ್ಟ್ರು
ಇದು ಒಳ್ಳೆ ಪ್ರಶ್ನೆ. ನೇರ ಒಯ್ದು ಎಸೆಯಬಾರದು. ಚಿಪ್ಪು ಒತ್ತಿದರೆ ಮೆತ್ತಗಿದೆಯಾ, ಕಣ್ಣು ಊದಿದೆಯಾ, ಮೂಗಲ್ಲಿ ಗುಳ್ಳೆ ಬರುತ್ತಿದೆಯಾ ಅಂತ ತಿಳಿದವರು ನೋಡಬೇಕು. ಕೆಲವು ದಿನ ಬಿಸಿಲು, ಮೇವು ಕೊಟ್ಟು ನೋಡಬೇಕು. ಆಮೇಲೆ ಅದು ಮೊದಲು ಸಿಕ್ಕಿದ ಜಾಗದ ಹತ್ತಿರದ ನೀರಿಗೇ ಬಿಡಬೇಕು, ದೂರದ ಹೊಳೆಗಲ್ಲ. ಅದಕ್ಕೇ ಇಲಾಖೆಯವರನ್ನು ಕರೆಯಿರಿ ಅಂದದ್ದು.

ಟೆಕ್ಸಾಸ್_ಕನ್ನಡಿಗ
ಇಂಗ್ಲಿಷಿನಲ್ಲಿ ಟರ್ಟಲ್, ಟಾರ್ಟಾಯ್ಸ್ ಬೇರೆ ಬೇರೆ. ನಮ್ಮಲ್ಲಿ ಎಲ್ಲದಕ್ಕೂ ಆಮೆ. ನಕ್ಷತ್ರ ಆಮೆಯನ್ನು ಒಯ್ದು ಕೆರೆಗೆ ಬಿಟ್ಟು ಪುಣ್ಯ ಬಂತು ಅಂದುಕೊಳ್ಳುವವರು ಇದ್ದಾರೆ. ಅದು ನೆಲದ್ದು, ಮುಳುಗಿ ಸಾಯುತ್ತದೆ.

ಸುಮ್ನೆ_ಓದುಗ
ಕಾಲು ನೋಡಿದರೆ ಗೊತ್ತಾಗಲ್ವಾ? ನೆಲದ್ದಕ್ಕೆ ಆನೆ ಕಾಲಿನ ಹಾಗೆ ಕಂಬ, ನೀರಿನದ್ದಕ್ಕೆ ಬೆರಳ ಮಧ್ಯೆ ಚರ್ಮ.

ದನದ_ಡಾಕ್ಟ್ರು
ಈ ಸಲ ಓದುಗರು ಸರಿ ಹೇಳಿದರು. ಆದರೆ ಎಲ್ಲದರಲ್ಲೂ ಒಂದು ಅಪವಾದ ಇರುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಕೇನ್ ಟರ್ಟಲ್ ಅಂತ ಒಂದು ಪುಟ್ಟ ಆಮೆ ಇದೆ. ಹತ್ತಿರದ ಬಳಗದಲ್ಲಿ ಹೆಚ್ಚಿನವು ಕೆರೆ ಹಳ್ಳದ್ದು, ಇದು ಕಾಡಿನ ತರಗೆಲೆಯಲ್ಲೇ ಇರುತ್ತದೆ. 1912ರಲ್ಲಿ ಹೆಸರಿಟ್ಟ ಮೇಲೆ ಎಪ್ಪತ್ತು ವರ್ಷ ಅದರ ಸುದ್ದಿಯೇ ಇರಲಿಲ್ಲ. 1982ರಲ್ಲಿ ಜೆ. ವಿಜಯಾ ಅನ್ನುವ ಯುವತಿ ಕೇರಳದ ಕಾಡಿನಲ್ಲಿ ಮತ್ತೆ ಕಂಡುಹಿಡಿದರು. ಸರೀಸೃಪಗಳ ಅಧ್ಯಯನಕ್ಕೆ ಇಳಿದ ನಮ್ಮ ದೇಶದ ಮೊದಲ ಮಹಿಳೆ. 1987ರಲ್ಲೇ ತೀರಿಕೊಂಡರು, ಮೂವತ್ತೂ ಆಗಿರಲಿಲ್ಲ. ಆಮೇಲೆ 2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಾಕೆಲಿಸ್ ಅಂತ ಅವರ ಹೆಸರನ್ನೇ ಇಟ್ಟರು. ವಿಷಯ ಬಿಟ್ಟು ಹೋದೆ, ಕ್ಷಮಿಸಿ. ಅವರ ಬಗ್ಗೆ ಹೇಳುವ ಅವಕಾಶ ಸಿಕ್ಕರೆ ನಾನು ಬಿಡುವುದಿಲ್ಲ.

ಕೊಪ್ಪಳದಾಂವ
ಬಿಡಬ್ಯಾಡ್ರಿ ಡಾಕ್ಟ್ರೇ. ಇಂಥಾದ್ದು ನಮಗ ಯಾರು ಹೇಳ್ತಾರ.

ತೋಟದಮನೆ
ಹನ್ನೊಂದು ದಿನ ಬಿಟ್ಟು ಬರೆಯುತ್ತಿದ್ದೇನೆ. ಅರಣ್ಯ ಇಲಾಖೆಯವರಿಗೆ ಹೇಳಿದೆ. ಗಾರ್ಡ್ ಮತ್ತು ಒಬ್ಬ ಪಶುವೈದ್ಯೆ ಬಂದು ನೋಡಿದರು. ಚಿಪ್ಪು ಗಟ್ಟಿ ಇದೆ, ಮುರಿದ ಉಗುರು ಹಳೆಯದು, ಸ್ವಲ್ಪ ಬಡಕಲು ಅಂದರು. ವಾರ ಕಾಲ ಅವರು ಹೇಳಿದ ಹಾಗೆ ಬಾನಿಗೆ ಓರೆಯಾಗಿ ಒಂದು ಹಲಗೆ ಇಟ್ಟೆ. ಮೊದಲ ಎರಡು ದಿನ ಹಲಗೆ ಕಡೆ ತಲೆಯೇ ಹಾಕಲಿಲ್ಲ. ಮೂರನೇ ದಿನ ಬೆಳಿಗ್ಗೆ ಹತ್ತಿ ಕೂತಿತ್ತು. ಹಿಂಗಾಲು ಎರಡೂ ಹಿಂದಕ್ಕೆ ಚಾಚಿ, ಕುತ್ತಿಗೆ ಉದ್ದ ಮಾಡಿ, ಕಣ್ಣು ಮುಚ್ಚಿಕೊಂಡು. ಅದರ ಕುತ್ತಿಗೆ ಅಷ್ಟು ಉದ್ದ ಇದೆ ಅಂತ ಗೊತ್ತೇ ಇರಲಿಲ್ಲ. ಪಪ್ಪಾಯಿ ಹಣ್ಣು ಮತ್ತು ಎರೆಹುಳ ತಿಂದಿತು. ಬಸಳೆ ಮುಟ್ಟಲಿಲ್ಲ.

ಅಜ್ಜಿಗೆ ಮೊಟ್ಟೆ ಚೂರು ತೋರಿಸಿದೆ. ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಿಮ್ಮಜ್ಜನಿಗೆ ಗೊತ್ತಾಗ್ಲಿಲ್ಲ ನೋಡು" ಅಂದರು, ಅಷ್ಟೇ.

ನಿನ್ನೆ ಸಂಜೆ ಮಳೆ ಹನಿಯುವಾಗ ಗಾರ್ಡ್ ಜೊತೆ ಹೋಗಿ ಗದ್ದೆ ಕೆಳಗಿನ ಕೆರೆಯ ದಂಡೆಯಲ್ಲಿ ಇಳಿಸಿದೆವು. ಇಪ್ಪತ್ತು ನಿಮಿಷ ಅಲ್ಲಾಡಲಿಲ್ಲ. ಗಾರ್ಡ್ ಬೀಡಿ ಹಚ್ಚಿದರು. ನಾನು ಫೋನ್ ನೋಡಲು ತಲೆ ತಗ್ಗಿಸಿದೆ, ಎತ್ತುವಷ್ಟರಲ್ಲಿ ಆಮೆ ಇಲ್ಲ. ಕೆಸರಲ್ಲಿ ಉಗುರಿನ ಗೀರು ಮಾತ್ರ. ವಿಡಿಯೋ ಮಾಡಲಾಗಲಿಲ್ಲ, ಬಾಡಿಗೆಮನೆಯವರು ಬೈಯಬೇಡಿ.

ಬಾಡಿಗೆಮನೆ_ಬೆಂಗಳೂರು
ಬೈಯಲ್ಲ ಸರ್. ನನ್ನದನ್ನು ರಕ್ಷಣಾ ಕೇಂದ್ರದವರು ತೆಗೆದುಕೊಳ್ಳಲು ಒಪ್ಪಿದ್ದಾರೆ, ಆದರೆ ಮುಂದಿನ ತಿಂಗಳಂತೆ. ಅಲ್ಲಿಯವರೆಗೆ ಬಾಲ್ಕನಿ. ಮಗಳು ಈಗ ದಿನಾ ಹೋಗಿ ನೋಡುತ್ತಾಳೆ, ಕಳಿಸಬೇಡ ಅಂತ ಹೊಸ ರಾಗ.

ಕುಡ್ಲದ_ಕೋಡಿ
ಅಜ್ಜಿ ಈಗ ಬಾವಿ ನೀರು ಕುಡೀತಾರಾ?

ತೋಟದಮನೆ
ಕುಡಿಯುತ್ತಾರೆ, ಕುದಿಸಿ. "ರುಚಿ ಹೋಯ್ತು" ಅಂತ ದಿನಾ ಒಂದು ಸಲ ಹೇಳುತ್ತಾರೆ.

ಹಳೇಬಾವಿ
ಅಜ್ಜಿ ಹೇಳೋದು ಸರಿ ಇದೆ. ಅದಿರಲಿ, ಹೂಳು ತೆಗೆಯುವವನು ಅಡಿಗೆ ಎಷ್ಟು ತಗೊಂಡ? ನಮ್ಮ ಬಾವಿಯನ್ನೂ ಮಳೆಗೆ ಮೊದಲು ಮಾಡಿಸಬೇಕು. ಒಳಗೆ ಒಂದು ಇರಬೇಕು ಅಂತ ಅನುಮಾನ.